6 ಡಿಗ್ರಿ ತಗ್ಗಿನ ಮಂಚ: ಪುಟ್ಟನಿಗೆ ದೊಡ್ಡಮ್ಮನ ಕಾಗದ

ಸೋಮವಾರಪೇಟೆ
ಮಾರ್ಚ್ ಮೊದಲ ವಾರ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ಬಾಹ್ಯಾಕಾಶದಲ್ಲಿ ಮೈಗೆ ಏನಾಗುತ್ತೆ ಅಂತ ತಿಳಿಯಲು ಜರ್ಮನಿಯ ಕಲೋನ್‌ನಲ್ಲಿ 60 ದಿನ ಮಲಗಿಸುವ ಪ್ರಯೋಗಕ್ಕೆ ಹೆಸರು ಕೊಟ್ಟಿದ್ದೀಯ ಅಂತ ಗೊತ್ತಾದಾಗಿನಿಂದ ನಿನ್ನ ಅಮ್ಮ ನೆಟ್ಟಗೆ ಊಟ ಮಾಡಿಲ್ಲ. "ಮಲಗಿದ್ರೆ ದುಡ್ಡು ಕೊಡ್ತಾರೆ, ಎರಡು ತಿಂಗಳು ಆರಾಮು" ಅಂದೆಯಂತೆ. ಹೋಗಬೇಡ ಅನ್ನುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಆದರೆ 31 ವರ್ಷ ನರ್ಸಾಗಿ ಹಾಸಿಗೆ ಹಿಡಿದವರನ್ನು ಎಬ್ಬಿಸಿದವಳು ನಾನು. ಆರಾಮು ಅಂದುಕೊಂಡು ನೀನು ಹೋಗಬಾರದು.

ತೋಟದಲ್ಲಿ ಈಗ ಸ್ಪ್ರಿಂಕ್ಲರ್ ನಡೀತಿದೆ, ಕಾಫಿ ಹೂ ಅರಳಿಸುವ ಹೂಮಳೆ ಈ ಸಲ ಕೈಕೊಟ್ಟಿತು. ಕೆರೆ ಪಕ್ಕದ ಜೆಟ್ ಎಷ್ಟು ರಭಸವಾಗಿ ಹೊಡೆಯುತ್ತೆ, ಗುಡ್ಡದ ತುದಿಯ ಜೆಟ್ ಹೇಗೆ ಸೊರಗಿ ಚಿಮ್ಮುತ್ತೆ, ನೀನೇ ಪೈಪು ಹೊತ್ತವನು, ಗೊತ್ತಲ್ಲ. ನಿಂತ ಮನುಷ್ಯನ ಮೈಯೂ ಅಂಥದೇ ಇಳಿಜಾರು. ಪಾದದ ನಾಳಗಳಲ್ಲಿ ಒತ್ತಡ ಹೆಚ್ಚು, ತಲೆಯಲ್ಲಿ ಕಡಿಮೆ. ಎದ್ದು ನಿಂತ ಕೂಸಿನ ಕಾಲದಿಂದ ನಿನ್ನ ಹೃದಯ ಈ ಏರಿನ ಲೆಕ್ಕ ಇಟ್ಟುಕೊಂಡೇ ಬಡಿಯುತ್ತಿದೆ. ಬಾಹ್ಯಾಕಾಶದಲ್ಲಿ ಆ ಏರು ಇರುವುದಿಲ್ಲ. ಭೂಮಿ ಮೇಲೆ ಅದನ್ನು ಅಳಿಸಲಾಗದ್ದಕ್ಕೆ ತಲೆಯ ಕಡೆ 6 ಡಿಗ್ರಿ ತಗ್ಗಿಸಿದ ಮಂಚ. ದಿಂಬಿಲ್ಲ. ಊಟ, ಸ್ನಾನ, ಶೌಚ ಎಲ್ಲ ಮಲಗಿಕೊಂಡೇ, ಒಂದು ಭುಜವಾದರೂ ಹಾಸಿಗೆಗೆ ತಾಗಿರಲೇಬೇಕು. ರಷ್ಯನ್ನರು ಇನ್ನೊಂದು ದಾರಿ ಹಿಡಿದರು. ತೊಟ್ಟಿಯ ನೀರಿನ ಮೇಲೆ ನೀರಿಳಿಯದ ಬಟ್ಟೆ ಹಾಸಿ, ಮೈ ಒದ್ದೆಯಾಗದಂತೆ ಮನುಷ್ಯನನ್ನು ಅದರಲ್ಲಿ ತೇಲಿಬಿಡುತ್ತಾರೆ.

ಮೊದಲ ದಿನವೇ ಕಾಲಿನಲ್ಲಿ ನಿಲ್ಲಬೇಕಾದ ರಕ್ತ ಎದೆಗೂ ಮುಖಕ್ಕೂ ಸರಿಯುತ್ತೆ. ಮುಖ ಊದುತ್ತೆ, ಮೂಗು ಕಟ್ಟುತ್ತೆ, ತಲೆ ನೋಯುತ್ತೆ. ಹೃದಯದ ಕೋಣೆಗಳು ತುಂಬಿ ಹಿಗ್ಗಿದಾಗ ರಕ್ತ ಜಾಸ್ತಿಯಾಗಿದೆ ಅಂತ ಮೈ ತಪ್ಪಾಗಿ ತಿಳಿಯುತ್ತೆ. ಕಿಡ್ನಿ ಉಪ್ಪು ನೀರು ಎರಡನ್ನೂ ಹೊರಗೆ ಹಾಕುತ್ತೆ. ಕೆಲವೇ ದಿನಗಳಲ್ಲಿ ರಕ್ತದ ಪ್ಲಾಸ್ಮಾ, ಅಂದರೆ ಅದರ ನೀರಿನ ಭಾಗ, ನೂರಕ್ಕೆ 10ರಿಂದ 15ರಷ್ಟು ಇಳಿದಿರುತ್ತೆ. ಮಲಗಿರುವವರೆಗೆ ಅಷ್ಟೇ ಸಾಕು, ಹಾಗಾಗಿ ಕಳಕೊಂಡದ್ದು ನಿನಗೆ ಗೊತ್ತೇ ಆಗುವುದಿಲ್ಲ. ನನಗೆ ಭಯ ಇರುವುದು ಅಲ್ಲೇ.

ಆಮೇಲೆ ಹೃದಯದ ಸ್ನಾಯು. ಕೆಲಸ ಇಲ್ಲದ ತೋಳು ಸೊರಗುವ ಹಾಗೆ ಅದೂ ಸೊರಗುತ್ತೆ. 6 ವಾರ ಮಲಗಿದವರಲ್ಲಿ ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆಯ, ತೂಕ ನೂರಕ್ಕೆ ಸುಮಾರು 8ರಷ್ಟು ಇಳಿದದ್ದನ್ನು ಅಮೆರಿಕದ ಡಲ್ಲಾಸಿನ ವೈದ್ಯರು 2001ರಲ್ಲಿ ಬರೆದರು. ಅದೇ ಊರಿನಲ್ಲಿ 1966ರಲ್ಲಿ ನಿನ್ನ ವಯಸ್ಸಿನ ಐವರು ಹುಡುಗರನ್ನು 3 ವಾರ ಮಲಗಿಸಿದ್ದರು. 30 ವರ್ಷ ಆದ ಮೇಲೆ ಅವರನ್ನೇ ಕರೆದು ದುಡಿಯುವ ಶಕ್ತಿಯನ್ನು ಮತ್ತೆ ಅಳೆದರು. 30 ವರ್ಷದ ವಯಸ್ಸು ತಿಂದದ್ದಕ್ಕಿಂತ ಆ 3 ವಾರದ ಹಾಸಿಗೆ ತಿಂದದ್ದೇ ಹೆಚ್ಚಾಗಿತ್ತು. ಪುಟ್ಟ, ಇದನ್ನು ಓದಿದ ದಿನ ನನಗೆ ನನ್ನ ಅಜ್ಜ, ಅಂದರೆ ನಿನ್ನ ಮುತ್ತಜ್ಜ, ನೆನಪಾಗಿ ಅಳು ಬಂತು.

ಆಗೆಲ್ಲ ಎದೆನೋವು ಬಂದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವುದೇ ಮದ್ದು. ಅಜ್ಜ 6 ವಾರ ಮಲಗಿದರು. ಕಕ್ಕಡದ ಮಳೆ ಹಿಡಿದಿದ್ದ ಒಂದು ಬೆಳಗ್ಗೆ, ಇನ್ನು ಏಳಬಹುದು ಅಂದದ್ದೇ ತಡ, ಸಂತೋಷದಿಂದ ಒಮ್ಮೆಲೇ ಎದ್ದು ಜಗಲಿಗೆ ನಡೆದರು. ಹೊಸ್ತಿಲಲ್ಲೇ ಕುಸಿದರು. ನನಗೆ ಒಂಬತ್ತು ವರ್ಷ. ಎದೆ ಮತ್ತೆ ನಿಂತಿತು ಅಂತ ಮನೆಯವರೆಲ್ಲ ಗೋಳಾಡಿದರು. ಕಾಲೆತ್ತಿ ಮಲಗಿಸಿದ ಮೇಲೆ ಕಣ್ಣು ಬಿಟ್ಟರು. ನಿಂತಾಗ ರಕ್ತ ಕಾಲಿಗಿಳಿದು ತಲೆಗೆ ಸಾಲದೆ ಹೋಗಿತ್ತು, ಅಷ್ಟೇ. ಅದನ್ನು ನಮಗೆ ಹೇಳುವವರು ಇರಲಿಲ್ಲ. ಎದ್ದರೆ ಸಾಯುತ್ತೇನೆ ಅನ್ನುವ ಹೆದರಿಕೆಯಲ್ಲಿ ಅಜ್ಜ ಮತ್ತೆಂದೂ ತೋಟ ಹತ್ತಲಿಲ್ಲ.

ಹಾಗಾಗಿ ನಿನ್ನ ಪ್ರಯೋಗದ ಮೇಲೆ ನನಗೆ ಗೌರವವಿದೆ. ಗಗನಯಾತ್ರಿಗಳಿಗೆ ಆಗುವಷ್ಟೇ ಉಪಯೋಗ ಸೊಂಟ ಮುರಿದು ಮಲಗಿದ ಅಜ್ಜಿಯರಿಗೂ ಆಗುತ್ತೆ. 2019ರಲ್ಲಿ ಕಲೋನ್‌ನಲ್ಲೇ ಹೀಗೆ 60 ದಿನ ಮಲಗಿದವರಲ್ಲಿ ಕೆಲವರನ್ನು ದಿನಾ 30 ನಿಮಿಷ ಯಂತ್ರದಲ್ಲಿ ತಿರುಗಿಸಿ, ರಕ್ತ ಮತ್ತೆ ಕಾಲಿನ ಕಡೆ ಹೋಗುವಂತೆ ಮಾಡಿ ನೋಡಿದರು.

ಈಗ ನನ್ನ ಮಾತು ಕೇಳು. ತಪಾಸಣೆಯಲ್ಲಿ ಏನನ್ನೂ ಮುಚ್ಚಿಡಬೇಡ. ಹೆರಿಗೆಯಾದ ಮೇಲೆ ನಿನ್ನ ಚಿಕ್ಕಮ್ಮನ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದನ್ನು ಮೊದಲೇ ಹೇಳು. ರಕ್ತದ ಹರಿವು ನಿಂತರೆ ಹೆಪ್ಪುಗಟ್ಟುವ ಭಯ; ಬಾಹ್ಯಾಕಾಶ ನಿಲ್ದಾಣದಲ್ಲಿ ಕೆಲವರ ಕುತ್ತಿಗೆಯ ಅಭಿಧಮನಿಯಲ್ಲಿ, ಅಂದರೆ ತಲೆಯಿಂದ ಹೃದಯಕ್ಕೆ ರಕ್ತ ತರುವ ನಾಳದಲ್ಲಿ, ರಕ್ತ ನಿಂತೇ ಹೋದದ್ದು, ಹಿಂದಕ್ಕೆ ಹರಿದದ್ದು 2019ರಲ್ಲಿ ಪ್ರಕಟವಾಗಿದೆ. ಚಿಕ್ಕಮ್ಮನ ವಿಷಯ ಹೇಳಿದ್ದಕ್ಕೆ ನಿನ್ನನ್ನು ಬೇಡ ಅಂದರೆ ಬೇಸರ ಮಾಡಿಕೊಳ್ಳದೆ ವಾಪಸ್ ಬಾ. ತೆಗೆದುಕೊಂಡರೆ, ಯಾರೂ ನೋಡದಾಗ ಟವೆಲ್ ಮಡಿಸಿ ತಲೆಗಿಡಬೇಡ, ಅವರ ಅಷ್ಟೂ ಲೆಕ್ಕ ಕೆಡುತ್ತೆ. ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಿ ಹೊರಗೆ ಬಾ. ಯಾವ ದಿನವಾದರೂ ಬಿಟ್ಟುಬರುವ ಹಕ್ಕು ನಿನಗಿದೆ.

ಏಳುವ ದಿನವಂತೂ ಅವಸರ ಬೇಡ. ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಬಾಹ್ಯಾಕಾಶದಿಂದ ಬಂದಿಳಿದಾಗ ಪಕ್ಕದವರು ಆಸರೆ ಕೊಟ್ಟದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಆಸರೆ ಕೊಟ್ಟರೆ ನೀನೂ ತೆಗೆದುಕೋ, ನಾಚಿಕೆಪಡಬೇಡ. ನನ್ನ ವಾರ್ಡಿನ ಕ್ರಮ ಇದು: ಮೊದಲು ಎದ್ದು ಕೂರು. ಕಾಲು ಇಳಿಬಿಟ್ಟು ಪಾದ ಆಡಿಸು, ಮೀನಖಂಡ ಹಿಂಡಿದಷ್ಟೂ ರಕ್ತ ಮೇಲೆ ಬರುತ್ತೆ. ಕಣ್ಣು ಕತ್ತಲೆ ಬಂದರೆ ಮತ್ತೆ ಮಲಗು. ಸರಿಯಿದ್ದರೆ ಮಾತ್ರ ಯಾರನ್ನಾದರೂ ಹಿಡಿದು ನಿಲ್ಲು.

ಊರಿಗೆ ಬಂದರೆ ಮೊದಲ ತಿಂಗಳು ಮೆಣಸಿನ ಏಣಿ ಹತ್ತಬೇಡ, ನಿನ್ನ ದೊಡ್ಡಪ್ಪನಿಗೂ ಹೇಳಿದ್ದೇನೆ. ಅಮ್ಮನಿಗೆ ನಾನು ಸಮಾಧಾನ ಹೇಳುತ್ತೇನೆ. ಎದ್ದ ದಿನ ಕೂತುಕೊಂಡು ಅವಳಿಗೊಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ