ಮಗಳಿಗೊಂದು ಪತ್ರ: ಕಾರ್ಡು ಅಚ್ಚಿಗೆ ಕೊಡುವ ಮುನ್ನ

ಪುಟ್ಟೀ,

ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ಕೈಗೆ ಬಂದ ಸಂಭ್ರಮದಲ್ಲಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. "ಲಾಗ್ ಅಪ್‌ಲೋಡ್ ಮಾಡಿದರೆ ಕಂಪ್ಯೂಟರೇ ತಾಳೆ ನೋಡುತ್ತದಲ್ಲ ಅಪ್ಪಾ, ಕ್ಯೂಎಸ್‌ಎಲ್ ಕಾರ್ಡು ಅಚ್ಚು ಹಾಕಿಸಿ, ಅಂಚೆಗೆ ಹಾಕಿ, ವರ್ಷಗಟ್ಟಲೆ ಕಾಯುವ ಉಸಾಬರಿ ಯಾಕೆ?" ಅಂದೆ. ಕೇಳಬೇಕಾದ ಪ್ರಶ್ನೆಯೇ. ಲಾಗ್ ಅಂದರೆ ನಾವು ಮಾಡಿದ ಸಂಪರ್ಕಗಳ ದಾಖಲೆ, ಕ್ಯೂಎಸ್‌ಎಲ್ ಕಾರ್ಡು ಅಂದರೆ ರೇಡಿಯೋದಲ್ಲಿ ಮಾತಾಡಿದ್ದು ನಿಜ ಅಂತ ಒಬ್ಬರಿಗೊಬ್ಬರು ಕಳಿಸುವ ಖಾತ್ರಿ.

ಬರೀ ಅವಾರ್ಡಿನ ಲೆಕ್ಕವಾದರೆ ಕಾರ್ಡು ಬೇಕಾಗಿಲ್ಲ. ಅಮೆರಿಕದ ಹವ್ಯಾಸಿ ರೇಡಿಯೋ ಸಂಘ ಎಆರ್‌ಆರ್‌ಎಲ್‌ನವರು 1937ರಲ್ಲಿ ಡಿಎಕ್ಸ್‌ಸಿಸಿ ಅನ್ನುವ ಅವಾರ್ಡು ಶುರು ಮಾಡಿದ ಮೇಲೆ ಬಹಳ ಕಾಲ 100 ಬೇರೆಬೇರೆ ದೇಶ, ದ್ವೀಪಗಳ ಕಾರ್ಡು ಕೂಡಿಸಿ ಕಟ್ಟು ಕಟ್ಟಿ ಪರಿಶೀಲನೆಗೆ ಕೊಡಬೇಕಿತ್ತು. 2003ರಲ್ಲಿ ಅವರದ್ದೇ ಆನ್‌ಲೈನ್ ವ್ಯವಸ್ಥೆ ಲಾಗ್‌ಬುಕ್ ಆಫ್ ದ ವರ್ಲ್ಡ್ ಬಂತು. ಇಬ್ಬರ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು), ಬ್ಯಾಂಡ್ (ಬಳಸಿದ ತರಂಗಾಂತರದ ಪಟ್ಟಿ), ಮೋಡ್ (ಧ್ವನಿಯೋ ಮೋರ್ಸೋ ಅನ್ನುವುದು) ಹೊಂದಬೇಕು, ಸಮಯದಲ್ಲಿ 30 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಷ್ಟಾದರೆ ಸಂಪರ್ಕ ಖಚಿತವಾದ ಹಾಗೆ. ನಿನ್ನ ನೂರನ್ನು ಅಲ್ಲೇ ಮುಗಿಸಿಕೋ, ನನ್ನ ತಕರಾರೇನಿಲ್ಲ.

ಆದರೆ ಅಲ್ಲಿ ತಾಳೆ ನೋಡುವಾಗ ಸಿಗ್ನಲ್ ರಿಪೋರ್ಟ್ ಲೆಕ್ಕಕ್ಕೇ ಬರುವುದಿಲ್ಲ, ಗಮನಿಸಿದೆಯಾ? ಎದುರಿನವರ ಧ್ವನಿ ನಿನಗೆ ಎಷ್ಟು ಸ್ಪಷ್ಟವಾಗಿ, ಎಷ್ಟು ಬಲವಾಗಿ ಕೇಳಿಸಿತು ಅನ್ನುವುದು ಕಾರ್ಡಿನ ಮೇಲೆ ಮಾತ್ರ ನಿನ್ನ ಕೈಬರಹದಲ್ಲಿ ಹೋಗುತ್ತದೆ. ಅವರ ಆಂಟೆನಾ ನಿನ್ನ ದಿಕ್ಕಿಗೆ ಹೇಗೆ ಕೆಲಸ ಮಾಡಿತು ಅನ್ನುವುದಕ್ಕೆ ಸಾಕ್ಷಿ ನೀನೊಬ್ಬಳೇ. ಕಾರ್ಡು ಪಡೆಯುವುದಕ್ಕಿಂತ ಕೊಡುವುದು ಮುಖ್ಯ ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ.

ಆದ್ದರಿಂದ ಬರೆಯುವಾಗ ಎಚ್ಚರ. ಆರ್‌ಎಸ್‌ಟಿ (ಸ್ಪಷ್ಟತೆ, ಬಲ, ನಾದದ ಅಂಕಿ) ಕಾಲಮ್ಮಿನಲ್ಲಿ ಹೋಗಬೇಕಾದದ್ದು ನೀನು ಅವರಿಗೆ ಕೊಟ್ಟ ರಿಪೋರ್ಟು. ಹೊಸಬರು ಲಾಗಿನಲ್ಲಿ ಪಕ್ಕದ ಕಾಲಮ್ಮಿಗೆ ಕಣ್ಣು ಹಾಯಿಸಿ, ಅವರು ತಮಗೆ ಕೊಟ್ಟದ್ದನ್ನೇ ತಿರುಗಿಸಿ ಬರೆದುಬಿಡುತ್ತಾರೆ. 57, ಅಂದರೆ ಸ್ಪಷ್ಟತೆ 5, ಬಲ 7, ಕೇಳಿದ್ದರೆ 57 ಅಂತಲೇ ಬರೆ. ಸ್ಪರ್ಧೆಗಳಲ್ಲಿ ಎಲ್ಲರಿಗೂ ಕಣ್ಣು ಮುಚ್ಚಿಕೊಂಡು ಅತ್ಯುತ್ತಮ ಅಂಕಿಯಾದ 59 ಹಂಚುವ ಚಾಳಿ ಇದೆ, ನನಗೆ ಅದು ಹಿಡಿಸುವುದಿಲ್ಲ. ಪಿಸುಮಾತಿನಷ್ಟು ಕ್ಷೀಣವಾಗಿ ಕೇಳಿದವರಿಗೂ 59 ಕೊಟ್ಟರೆ ಆ ಅಂಕಿ ಇದ್ದೂ ಇಲ್ಲದ ಹಾಗೆ.

ಸಮಯ ಯಾವಾಗಲೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಗೋಡೆ ಗಡಿಯಾರ ನೋಡಿ ಬರೆಯಬೇಡ. ಯುಟಿಸಿಗಿಂತ ಮುಂದಿರುವ ಕಡೆ ಬೆಳಗಿನ ಜಾವ ಮಾತಾಡಿದರೆ ಕಾರ್ಡಿನ ಮೇಲೆ ಹಿಂದಿನ ದಿನದ ತಾರೀಕು ಬರಬೇಕಾಗಬಹುದು. ಎಷ್ಟೋ ಕಾರ್ಡು ತಾಳೆಯಾಗದೆ ವಾಪಸ್ಸಾಗುವುದು ಇಲ್ಲೇ. ಇನ್ನು ತಿಂಗಳನ್ನು ಅಕ್ಷರದಲ್ಲಿ ಬರೆ. 03/04 ಅಂತ ಗೀಚಿದರೆ ಕೆಲವರು ಏಪ್ರಿಲ್ 3 ಅಂತ ಓದುತ್ತಾರೆ, ಅಮೆರಿಕದವರು ಮಾರ್ಚ್ 4 ಅಂತ ಓದುತ್ತಾರೆ. ಮೋಡ್ ಬರೆಯುವುದನ್ನು ಮರೆಯಬೇಡ, ಕೆಳಗೆ ಸಹಿ ಇರಲಿ.

ಒಂದಂಕಿ ತಪ್ಪಿತು ಅಂತಿಟ್ಟುಕೋ. ಮೇಲೆ ತಿದ್ದಬೇಡ, ವೈಟ್ನರ್ ಹಚ್ಚಬೇಡ. ತಿದ್ದಿದ ಕಾರ್ಡನ್ನು ಅವಾರ್ಡಿಗೆ ಪರಿಶೀಲಿಸುವವರು ಒಪ್ಪುವುದಿಲ್ಲ. ಅದನ್ನು ಹರಿದುಹಾಕಿ ಹೊಸದು ಬರೆ. ನಿನಗೆ ಹೋಗುವುದು ಒಂದು ಕಾರ್ಡು, ಆ ಕಡೆಯವರಿಗೆ ಅದೊಂದೇ ಪುರಾವೆ ಆಗಿರಬಹುದು.

ಕಳಿಸುವ ದಾರಿ ಎರಡು. ದೇಶದೇಶಗಳ ಹವ್ಯಾಸಿ ರೇಡಿಯೋ ಸಂಘಗಳು ಬ್ಯೂರೋ ನಡೆಸುತ್ತವೆ. ನೀನು ಕಟ್ಟು ಕಳಿಸಿದರೆ ಅವರು ಕಾಲ್‌ಸೈನಿನ ಮೊದಲ ಅಕ್ಷರಗಳನ್ನು ನೋಡಿ ದೇಶವಾರು ವಿಂಗಡಿಸಿ ಒಟ್ಟಿಗೆ ರವಾನಿಸುತ್ತಾರೆ. ಖರ್ಚು ಕಮ್ಮಿ, ತಾಳ್ಮೆ ಮಾತ್ರ ಬೇಕು. ಎರಡು ವರ್ಷವಾದರೂ ಆಶ್ಚರ್ಯಪಡಬೇಡ. ಕಟ್ಟು ಕಟ್ಟುವ ಮುಂಚೆ ನೀನೇ ಅಕ್ಷರಕ್ರಮದಲ್ಲಿ ಜೋಡಿಸಿ ಕೊಡು, ಅಲ್ಲಿ ಕೂತು ವಿಂಗಡಿಸುವವರಲ್ಲಿ ಹೆಚ್ಚಿನವರು ಬಿಡುವು ಮಾಡಿಕೊಂಡು ಬಿಟ್ಟಿ ದುಡಿಯುವವರು. ಕೆಲವು ಸ್ಟೇಷನ್ನುಗಳಿಗೆ ಅವರ ಪರವಾಗಿ ಕಾರ್ಡು ನೋಡಿಕೊಳ್ಳುವ ಮ್ಯಾನೇಜರ್ ಇರುತ್ತಾರೆ. ಬೂವೆ ದ್ವೀಪದಂಥ ನಿರ್ಜನ ಜಾಗಕ್ಕೆ ಹೋಗಿ ಬಂದ ತಂಡಕ್ಕೆ ಅಲ್ಲಿನ ವಿಳಾಸಕ್ಕೆ ಕಾರ್ಡು ಹಾಕಿದರೆ ತೆಗೆದುಕೊಳ್ಳುವವರು ಯಾರು? ಅಂಥ ಕಡೆ ಕಾಲ್‌ಸೈನಿನ ಮುಂದೆ 'ವಯಾ' ಅಂತ ಬರೆದು ಮ್ಯಾನೇಜರ್ ಕಾಲ್‌ಸೈನ್ ಹಾಕಬೇಕು.

ಬೇಗ ಬೇಕಾದರೆ ನೇರ ಅಂಚೆ. ಆಗ ನಿನ್ನ ವಿಳಾಸ ಬರೆದ ಲಕೋಟೆಯನ್ನೂ ಮರುಟಪಾಲಿನ ಖರ್ಚನ್ನೂ ಒಳಗಿಡುವುದು ಮರ್ಯಾದೆ. ಅದಕ್ಕೆಂದೇ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ರಿಪ್ಲೈ ಕೂಪನ್ ಇದೆ, 1906ರ ರೋಮ್ ಸಮ್ಮೇಳನದಲ್ಲಿ ಹುಟ್ಟಿದ್ದು. ಈಗ ಹಲವು ದೇಶಗಳ ಅಂಚೆಯವರು ಮಾರುವುದನ್ನೇ ನಿಲ್ಲಿಸಿದ್ದಾರೆ, ಹಾಗಾಗಿ ಡಾಲರ್ ನೋಟು ಇಡುವವರೇ ಜಾಸ್ತಿ. ಅದಕ್ಕೆ ಹಸಿರು ಸ್ಟಾಂಪು ಅಂತ ಅಡ್ಡಹೆಸರು. ಲಕೋಟೆಯ ಹೊರಗೆ ಮಾತ್ರ ಕಾಲ್‌ಸೈನ್ ಬರೆಯಬೇಡ. ಒಳಗೆ ದುಡ್ಡಿದೆ ಅಂತ ಕಳ್ಳನಿಗೆ ಡಂಗುರ ಸಾರಿದ ಹಾಗೆ.

ನಿನಗೆ ಬರೀ ಕೇಳುಗರಿಂದಲೂ ಕಾರ್ಡು ಬರುತ್ತದೆ. ಅವರ ಬಳಿ ಪ್ರಸಾರದ ಲೈಸೆನ್ಸ್ ಇರಬೇಕೆಂದೇನಿಲ್ಲ, ನೀನು ಯಾರೊಡನೆಯೋ ಮಾತಾಡುವಾಗ ಕಿವಿಗೊಟ್ಟವರು. "ನನಗೇನು ಉಪಯೋಗ?" ಅಂತ ಅದನ್ನು ಪಕ್ಕಕ್ಕೆ ತಳ್ಳುವ ಹ್ಯಾಮ್‌ಗಳಿದ್ದಾರೆ, ನೀನು ಹಾಗೆ ಮಾಡಬೇಡ. ನೀನು ಆ ಹೊತ್ತು ಯಾರ ಜೊತೆ ಮಾತಾಡುತ್ತಿದ್ದೆ ಅಂತ ಅವರು ಬರೆದಿರಬೇಕು. ಅದು ನಿನ್ನ ಲಾಗಿಗೆ ಹೊಂದಿದರೆ ಮರುಟಪಾಲಿಗೇ ಉತ್ತರ ಬರೆ. ಜೋರ್ಡಾನಿನ ದೊರೆ ಹುಸೇನ್ ಜೆವೈ1 ಅನ್ನುವ ಕಾಲ್‌ಸೈನಿನಲ್ಲಿ ಹ್ಯಾಮ್‌ಗಳ ಜೊತೆ ಮಾತಾಡುತ್ತಿದ್ದವರು, ಅವರ ಕಾರ್ಡೂ ಹೋಗುತ್ತಿತ್ತು. ದೊರೆಗಿದ್ದ ಪುರುಸೊತ್ತು ನಿನಗಿಲ್ಲವೇ!

ವಾಟ್ಸಾಪಿನಲ್ಲಿ ನೀನು ಕಳಿಸಿದ ನಮೂನೆ ನೋಡಿದೆ. ಚಿತ್ರ ಚೆನ್ನಾಗಿದೆ, ಆದರೆ ಬಿಳಿ ಮೋಡದ ಮೇಲೆ ಬಿಳಿ ಅಕ್ಷರದಲ್ಲಿ ಕಾಲ್‌ಸೈನ್ ಹಾಕಿದ್ದೀಯ, ಕಾಣುವುದೇ ಇಲ್ಲ. ಅಳತೆ 90ಕ್ಕೆ 140 ಮಿಲಿಮೀಟರ್ ಇರಲಿ, ದೊಡ್ಡದಾದರೆ ಬ್ಯೂರೋದ ಕಟ್ಟಿನಲ್ಲಿ ಅಂಚು ಮಡಚಿಹೋಗುತ್ತದೆ. ಬರೆಯುವ ಬದಿಗೆ ನುಣುಪು ಲೇಪ ಬೇಡ ಅಂತ ಅಚ್ಚಿನವರಿಗೆ ಹೇಳು, ಶಾಯಿ ಹರಡಿ 7 ಯಾವುದು 1 ಯಾವುದು ತಿಳಿಯುವುದಿಲ್ಲ. ಸಾವಿರ ಹಾಕಿಸಿದರೆ ಅಗ್ಗ ಅಂತ ಆಸೆ ತೋರಿಸುತ್ತಾರೆ. ಮೊದಲ ಸಲಕ್ಕೆ ಇನ್ನೂರು ಸಾಕು. ಮನೆ ಬದಲಾದರೆ ವಿಳಾಸವೂ ಬದಲಾಗುತ್ತದೆ. ತಿದ್ದಿದ ನಮೂನೆಯನ್ನು ಅಚ್ಚಿಗೆ ಕೊಡುವ ಮುಂಚೆ ನನಗೊಮ್ಮೆ ಕಳಿಸು.

88 (ಹ್ಯಾಮ್‌ಗಳ ಸಂಕೇತದಲ್ಲಿ ಪ್ರೀತಿ, ಮುತ್ತು),
ಅಪ್ಪ