ಅಳಿಯನಿಗೊಂದು ಪತ್ರ: ಸಹೋದ್ಯೋಗಿಗಳಿಗಾಗಿ ಜಾಲತಾಣ ನಡೆಸುವ ಬಗ್ಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕಚೇರಿ ಕೆಲಸ ಮುಗಿದ ಮೇಲೆ ನೀನು ಸರ್ಕಾರಿ ನೌಕರರ ಸೇವಾ ನಿಯಮಗಳ ಕುರಿತು ಜಾಲತಾಣವೊಂದನ್ನು ನಡೆಸುತ್ತಿರುವೆಯೆಂದೂ, ಬೇರೆ ಬೇರೆ ತಾಲ್ಲೂಕುಗಳ ಗುಮಾಸ್ತರು ಅದನ್ನು ನೋಡಿ ನಿನಗೆ ಫೋನ್ ಮಾಡುತ್ತಿರುವರೆಂದೂ ಅಕ್ಕ ತಿಳಿಸಿದಳು. ಅವಳ ಮಾತಿನಲ್ಲಿ ಹೆಮ್ಮೆಯೂ ಇತ್ತು, ರಾತ್ರಿ ಹನ್ನೆರಡಾದರೂ ನೀನು ಮಲಗುವುದಿಲ್ಲವೆಂಬ ದೂರೂ ಇತ್ತು. ಆ ದೂರನ್ನು ತಾಯಿ ಮಗ ಬಗೆಹರಿಸಿಕೊಳ್ಳಿ. ಖಜಾನೆಯಲ್ಲಿ ಬಿಲ್ಲು ತಪಾಸಣೆ ಮಾಡುತ್ತಲೇ ಸೇವೆ ಮುಗಿಸಿದ ನನಗೆ ತಾಣದ ಬಗ್ಗೆ ಹೇಳಬೇಕೆನಿಸಿದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನ ತಾಣವನ್ನು ತೆರೆಯುವವನು ಹೊತ್ತು ಕಳೆಯಲು ಬಂದವನಲ್ಲ. ಅವನ ಮೇಜಿನ ಮೇಲೆ ಖಜಾನೆಯಿಂದ ಆಕ್ಷೇಪಣೆಯೊಡನೆ ವಾಪಸಾದ ಬಿಲ್ಲೊಂದು ಇರುತ್ತದೆ, ಸಂಜೆಯೊಳಗೆ ಕಡತ ಮಂಡಿಸಬೇಕಿರುತ್ತದೆ. ನೀನು ಬರೆದ ಸಾಲನ್ನು ಅವನು ಹಾಗೆಯೇ ಟಿಪ್ಪಣಿ ಹಾಳೆಗೆ ಇಳಿಸಿಬಿಡುತ್ತಾನೆ. ಆದುದರಿಂದ ಪ್ರತಿ ಪುಟದ ತಲೆಯಲ್ಲೇ ಆದೇಶದ ಪೂರ್ಣ ಸಂಖ್ಯೆ, ದಿನಾಂಕ, ಅದು 'ಆಇ'ಯದೋ (ಆರ್ಥಿಕ ಇಲಾಖೆ) 'ಸಿಆಸುಇ'ಯದೋ (ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ) ಎಂಬುದು ಇರಲೇಬೇಕು. ಅದಕ್ಕಿಂತ ಮುಖ್ಯವಾದದ್ದು, ಆ ಆದೇಶ ಇಂದಿಗೂ ಜಾರಿಯಲ್ಲಿದೆಯೇ ಎಂಬುದು. ಹೊಸ ಸುತ್ತೋಲೆ ಹೊರಬಿದ್ದ ಗಳಿಗೆಯಲ್ಲೇ ಅದನ್ನು ಹಂಚುವವರು ವಾಟ್ಸಾಪ್ ಗುಂಪುಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರೊಡನೆ ಓಟಕ್ಕೆ ನಿಲ್ಲಬೇಡ. ಹೊಸದು ಬಂದ ದಿನ ಹಿಂದಿನ ಪುಟಕ್ಕೆ ಹೋಗಿ, ಈ ಆದೇಶವು ಇಂಥ ದಿನಾಂಕದ ಇಂಥ ಆದೇಶದಿಂದ ತಿದ್ದುಪಡಿಯಾಗಿದೆ ಎಂದು ಮೇಲ್ಭಾಗದಲ್ಲಿ ನಮೂದಿಸುವ ತಾಳ್ಮೆ ಇರುವವರು ವಿರಳ. 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ಅಂದರೆ ನಮ್ಮ ಕೆ.ಸಿ.ಎಸ್.ಆರ್., ಎಷ್ಟು ಸಲ ತಿದ್ದುಪಡಿ ಕಂಡಿದೆಯೆಂಬುದು ನಿನಗೆ ಗೊತ್ತು. ಕಚೇರಿಯ ಹಳೆಯ ಪ್ರತಿಯಲ್ಲಿ ಹಿಂದಿನವರು ತಿದ್ದುಪಡಿ ಚೀಟಿಗಳನ್ನು ಗೋಂದಿನಿಂದ ಅಂಟಿಸಿಟ್ಟಿದ್ದನ್ನು ನೀನೂ ನೋಡಿರಬಹುದು. ಆ ಕೆಲಸವನ್ನೇ ನೀನು ತೆರೆಯ ಮೇಲೆ ಮಾಡಬೇಕಾಗಿದೆ.

ಅರ್ಧ ಬರೆಯುವುದು ಎಷ್ಟು ಅಪಾಯವೆಂಬುದಕ್ಕೆ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನ ಮೇಲೆ ಬಂದ ಪರಿಷ್ಕರಣೆಯನ್ನೇ ನೋಡು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತೆಂಬುದನ್ನು ಎಲ್ಲರೂ ಬರೆದರು. ಆದರೆ ಹೊಸ ಶ್ರೇಣಿಗಳು ಕಾಲ್ಪನಿಕವಾಗಿ, ಅಂದರೆ ಲೆಕ್ಕಕ್ಕೆ ಮಾತ್ರ, ಜಾರಿಗೆ ಬಂದದ್ದು 1-7-2022ರಿಂದ, ಆರ್ಥಿಕ ಲಾಭ ದೊರೆತದ್ದು 1-8-2024ರಿಂದ. ಮೊದಲ ದಿನಾಂಕವನ್ನಷ್ಟೇ ಓದಿದವನು ಎರಡು ವರ್ಷದ ಬಾಕಿ ಬರುವುದೆಂದು ಲೆಕ್ಕ ಹಾಕಿ ಕೂರುತ್ತಾನೆ. ನಡುವೆ ನಿವೃತ್ತನಾದವನ ಗೊಂದಲವಂತೂ ಇನ್ನೂ ದೊಡ್ಡದು. ಇಂಥಲ್ಲಿ ಪುಟ ಉದ್ದವಾದರೂ ಚಿಂತೆಯಿಲ್ಲ, ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಅನ್ವಯಿಸುವುದಿಲ್ಲ ಎಂದು ಬಿಡಿಸಿ ಬರೆ.

ಅಕ್ಷರದ ವಿಷಯವೂ ಒಂದಿದೆ. ಹಿಂದೆ 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಆದೇಶವನ್ನು ಹಾಗೆಯೇ ತಂದು ಹಾಕಿದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಅದು ಬರೀ ಚಿತ್ರ, ಹುಡುಕಿದರೆ ಸಿಗದು. ಆದ್ದರಿಂದ ಪ್ರತಿಯ ಕೆಳಗೆ ವಿಷಯ, ಸಂಖ್ಯೆ ಮತ್ತು ಸಾರಾಂಶವನ್ನು ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ನೀನೇ ಬೆರಳಚ್ಚು ಮಾಡು. ಪರಿವರ್ತಕ ತಂತ್ರಾಂಶವನ್ನು ಬಳಸಿದರೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದೊಡನೆ ಹೋಲಿಸದೆ ಪ್ರಕಟಿಸಬೇಡ.

ನೀನೂ ನೌಕರನೆಂಬುದನ್ನು ಮರೆಯಬಾರದು. 2021ರ ನಡತೆ ನಿಯಮಗಳನ್ನು ಇನ್ನೊಮ್ಮೆ ಕುಳಿತು ಓದು. ಜಾಹೀರಾತಿನಿಂದ ನಾಲ್ಕು ಕಾಸು ಬರಲೆಂದು ಸ್ನೇಹಿತರು ಹೇಳಬಹುದು; ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಇಲ್ಲದೆ ಆ ದಾರಿಗೆ ಹೋಗಬೇಡ. ವರ್ಷಕ್ಕೊಮ್ಮೆ ತಾಣದ ಹೆಸರಿಗೂ ಜಾಗಕ್ಕೂ ಕಟ್ಟುವ ಹಣ ನಿನ್ನ ಸಂಬಳಕ್ಕೆ ಭಾರವಾಗದಿದ್ದರೆ ಅದನ್ನು ಹವ್ಯಾಸದ ಖರ್ಚೆಂದು ಬರೆದುಕೊ. ಹೊರಡಿಸಿದ ಆದೇಶಗಳನ್ನು ಮಾತ್ರ ಪ್ರಕಟಿಸು. ಕಡತದೊಳಗಿನ ಟಿಪ್ಪಣಿ ನಿನ್ನ ಕೈಗೆ ಬಂದದ್ದು ಹುದ್ದೆಯಿಂದ, ಅದು ತಾಣಕ್ಕೆ ಸೇರಿದ್ದಲ್ಲ. ಸಂಶಯ ಕೇಳುವ ಭರದಲ್ಲಿ ಕೆಲವರು ವೇತನ ಚೀಟಿಯನ್ನೇ ಕಳುಹಿಸುತ್ತಾರೆ. ಅದರಲ್ಲಿ ಹೆಸರು, ಕೆ.ಜಿ.ಐ.ಡಿ. (ಸರ್ಕಾರಿ ವಿಮಾ ಇಲಾಖೆಯ) ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ಕಂತು ಎಲ್ಲವೂ ಇರುತ್ತವೆ. ಉತ್ತರ ಕೊಟ್ಟೊಡನೆ ಅಳಿಸಿಹಾಕು, ಉದಾಹರಣೆಗೆಂದೂ ಇಟ್ಟುಕೊಳ್ಳಬೇಡ.

ಉತ್ತರಿಸುವಾಗ ನಿಯಮವನ್ನು ತೋರಿಸಿ ಅಲ್ಲಿಗೇ ನಿಲ್ಲಿಸು. ನಿರ್ಧಾರ ಬಿಲ್ಲಿನ ಹಣ ಸೆಳೆದು ಬಟವಾಡೆ ಮಾಡುವ ಅವರ ಅಧಿಕಾರಿಯದು (ಡಿಡಿಓ), ಪಿಂಚಣಿಯಾದರೆ ಮಹಾಲೇಖಪಾಲರ (ಎ.ಜಿ.) ಕಚೇರಿಯದು. ಮೇಲಧಿಕಾರಿಗಳ ಮೇಲಿನ ಸಿಟ್ಟನ್ನು ಕಾರಿಕೊಳ್ಳಲು ನಿನ್ನ ಅಂಗಳ ಬೇಕೆನ್ನುವವರೂ ಬರುತ್ತಾರೆ. ಅವರಿಗೆ ನೌಕರರ ಸಂಘದ ಬಾಗಿಲು ತೋರಿಸು. ನಿನಗೆ ಕಾಯಿಲೆಯಾದರೂ, ಚುನಾವಣಾ ಕೆಲಸಕ್ಕೆ ಹೋದರೂ ತಾಣ ನಿಲ್ಲದಂತೆ, ನಿಯಮ ಬಲ್ಲ ನಂಬಿಕಸ್ಥ ಸಹೋದ್ಯೋಗಿಯೊಬ್ಬರಿಗೆ ಪಾಸ್‌ವರ್ಡ್ ತಿಳಿಸಿಡು. ಅವರು ಬೇರೆ ಇಲಾಖೆಯವರಾದರೆ ಇನ್ನೂ ಒಳ್ಳೆಯದು, ನಿನ್ನ ಕಣ್ಣಿಗೆ ಬೀಳದ ತಪ್ಪು ಅವರಿಗೆ ಕಾಣುತ್ತದೆ.

ನನಗೀಗ ಬಿಡುವೇ ಬಿಡುವು. ರಜೆ ನಿಯಮಗಳ ಪುಟಗಳನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸು. ಅಕ್ಷರ ದಪ್ಪವಾಗಿರಲಿ, ಪಕ್ಕದಲ್ಲಿ ಅಂಚು ಬಿಟ್ಟಿರಲಿ. ಕೆಂಪು ಶಾಯಿಯಲ್ಲಿ ಗುರುತು ಮಾಡಿ ಹಿಂದಿರುಗಿಸುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ