ಮಗಳಿಗೊಂದು ಪತ್ರ: ಪಾರ್ಕ್ ಬೆಂಚಲ್ಲಿ ಕೂತ ಕಥೆಗಾರ್ತಿ

ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ "ಅಪ್ಪಾ, ಪಾಪು ಹುಟ್ಟಿದ್ಮೇಲೆ ಒಂದು ಪ್ಯಾರಾನೂ ಬರ್ದಿಲ್ಲ, ನನ್ನ ಬರವಣಿಗೆ ಇಲ್ಲಿಗೆ ಮುಗೀತು" ಅಂದ್ಯಲ್ಲ, ಏನ್ ಹೇಳ್ಬೇಕೋ ತೋಚ್ದೆ ಬರೀ ಹ್ಞೂಂ ಹ್ಞೂಂ ಅಂದು ಇಟ್ಬಿಟ್ಟೆ. ಬೆಳಿಗ್ಗೆ ಕಾಫಿ ಕುಡೀತಾ ಅಮೆರಿಕದ ಕಥೆಗಾರ್ತಿ ಗ್ರೇಸ್ ಪೇಲಿ ನೆನಪಾದ್ಲು.

1922ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಉಕ್ರೇನ್ ಕಡೆಯಿಂದ ವಲಸೆ ಬಂದ ಯಹೂದಿ ಸೋಷಿಯಲಿಸ್ಟರು, ಮನೇಲಿ ರಷ್ಯನ್, ಯಿಡ್ಡಿಶ್, ಬೀದೀಲಿ ಇಂಗ್ಲಿಷು. ಹುಡುಗಿಯಾಗಿದ್ದಾಗ ಪದ್ಯ ಬರ್ಕೊಂಡು ಆಡನ್ ಅನ್ನೋ ಇಂಗ್ಲೆಂಡಿನ ದೊಡ್ಡ ಕವಿ ಕ್ಲಾಸಿಗೆ ಸೇರಿದ್ಲು, ಪದ್ಯದಲ್ಲೆಲ್ಲ ಅವನ ದೇಶದ ಪದಗಳೇ, ಪ್ಯಾಂಟಿಗೆ ಟ್ರೌಸರ್ಸ್ ಅಂತೆ, ನೀವು ಮಾತಾಡೋದೂ ಹಿಂಗೇನಾ ಅಂತ ಅವ್ನೇ ಕೇಳಿದ್ನಂತೆ. (ನೀನು ಪಿಯುಸೀಲಿ ತಿಮಿರ, ಇಳೆ ಅಂತೆಲ್ಲ ಬರೀತಿದ್ದಾಗ ನಾನೂ ಕೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ.)

ಆಮೇಲೆ ಮದುವೆ, ಎರಡು ಮಕ್ಕಳು, ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಅನ್ನೋ ಏರಿಯಾದಲ್ಲಿ ಮನೆ. ವಾಷಿಂಗ್ಟನ್ ಸ್ಕ್ವೇರ್ ಪಾರ್ಕಲ್ಲಿ ಮಕ್ಕಳನ್ನ ಆಡಕ್ ಬಿಟ್ಟು ಬೇರೆ ಅಮ್ಮಂದಿರ ಜೊತೆ ಹರಟೆ, ವರ್ಷಗಟ್ಲೆ ಇದೇ. 50ರ ದಶಕದಲ್ಲಿ ಒಂದ್ಸಲ ಹುಷಾರ್ ತಪ್ಪಿ ಮಕ್ಕಳನ್ನ ಹಗಲೆಲ್ಲ ಬೇರೆಯವ್ರು ನೋಡ್ಕೊಂಡಾಗ ಸಿಕ್ಕ ಬಿಡುವಲ್ಲಿ ಕಥೆ ಶುರುವಾಯ್ತು. ಮಕ್ಕಳ ಜೊತೆ ಆಡ್ತಿದ್ದ ಹುಡುಗ್ರ ಅಪ್ಪ ಪಬ್ಲಿಷಿಂಗ್ ಕಂಪ್ನೀಲಿ ಎಡಿಟರು, ಮೂರು ಕಥೆ ಓದಿ ಇನ್ನೇಳು ಬರೀರಿ, ಪುಸ್ತಕ ಮಾಡೋಣ ಅಂದ. 1959ರಲ್ಲಿ ಬಂತು. ಆಗ ಅವಳಿಗೆ 36.

ಎರಡನೇದು ಬರಕ್ಕೆ ಹದಿನೈದು ವರ್ಷ! ಯಾಕಂದ್ರೆ ಈಯಮ್ಮ ಬೀದೀಲಿದ್ಲು. ಕರಪತ್ರ ಹಂಚೋದು, ವಿಯೆಟ್ನಾಂ ಯುದ್ಧದ ವಿರುದ್ಧ ಧರಣಿ. ಒಂದ್ಸಲ ಮಿಲಿಟರಿ ಪರೇಡಿಗೆ ಅಡ್ಡ ಕೂತಿದ್ದಕ್ಕೆ ಆರು ದಿನ ಜೈಲು, ಜೊತೇಲಿದ್ದೋರಿಗೆ ಎರಡು ದಿನ ಇಲ್ಲಾಂದ್ರೆ ಅದೂ ಇಲ್ಲ, ಜಡ್ಜಿಗೆ ಇವಳ ಮೇಲೇ ಸಿಟ್ಟು, ಇವಳೇನು ಚಿಕ್ಕ ಹುಡುಗೀನಾ ಅಂತ. ಆ 14 ಮಹಡಿ ಹೆಂಗಸರ ಜೈಲು ಇದ್ದಿದ್ದು ಅವಳ ಏರಿಯಾದಲ್ಲೇ. ಜೈಲು ಅಂದ್ರೆ ಹಿಂಗೇ ಊರೊಳಗೇ ಇರ್ಬೇಕು ಅಂತ ಆಮೇಲೆ ಬರೆದ್ಲು. ಈಗ ಅದನ್ನ ಕೆಡವಿ ತೋಟ ಮಾಡಿದಾರೆ. 1969ರಲ್ಲಿ ಅಮೆರಿಕದ ಯುದ್ಧಕೈದಿಗಳನ್ನ ಕರ್ಕೊಂಡ್ ಬರಕ್ಕೆ ವಿಯೆಟ್ನಾಂನ ಹನೋಯ್‌ಗೂ ಹೋಗ್ಬಂದ್ಲು.

ರಾಜಕೀಯಕ್ಕೆ ಬಿದ್ದು ಬರವಣಿಗೆ ಹಾಳಾಯ್ತು, 2007ರಲ್ಲಿ ಸಾಯೋಷ್ಟರಲ್ಲಿ ಮೂರೇ ಕಥಾಸಂಕಲನ ಅಂತ ನಾನೂ ಅನ್ಕೊಂಡಿದ್ದೆ, ಆದ್ರೆ ಎರಡನೇ ಪುಸ್ತಕದಲ್ಲಿ ಒಂದು ಕಥೆ ಇದೆ ಪುಟ್ಟಿ, ಪಾರ್ಕಲ್ಲಿ ಒಬ್ಬ ಅಮ್ಮ ಮರ ಹತ್ತಿ ಕೂತು ಕೆಳಗಿರೋರ್ನೆಲ್ಲ ನೋಡ್ತಾ ಸುಮ್ನೆ ಹರಟ್ತಿರ್ತಾಳೆ, ಯಾವನು ಚೆನ್ನಾಗಿದಾನೆ, ಯಾರ್ ಮಗು ಅಳ್ತಿದೆ, ಇಂಥದ್ದೇ. ಅಷ್ಟರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸುಟ್ಟ ಮಗೂ ಫೋಟೋ ಇರೋ ಬೋರ್ಡ್ ಹಿಡ್ಕೊಂಡು ಸಣ್ಣ ಮೆರವಣಿಗೆ ಬರತ್ತೆ, ಪೊಲೀಸ್ ಓಡಿಸ್ತಾನೆ, ದೊಡ್ಡೋರು ಗೊಣಗಿ ಸುಮ್ನಾಗ್ತಾರೆ. ಅವಳ ಮಗ ಸುಮ್ನಿರಲ್ಲ, ಬೋರ್ಡಲ್ಲಿದ್ದ ಮಾತನ್ನ ಸೀಮೆಸುಣ್ಣದಲ್ಲಿ ನೆಲದ ಮೇಲೆ ದೊಡ್ಡದಾಗಿ ಬರೀತಾನೆ. ಬೆಂಚಲ್ಲೂ ಧರಣೀಲೂ ಕೂರ್ದೇ ಇದ್ದೋಳಿಗೆ ಆ ಹುಡುಗ ಎಲ್ಲಿಂದ ಸಿಗ್ತಿದ್ದ ಹೇಳು?

ಶನಿವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ನಾಲ್ಕರಿಂದ ಆರರವರೆಗೆ ಪಾಪು ನನ್ನ ಹತ್ರ, ಪಾರ್ಕಿಗೆ ಕರ್ಕೊಂಡ್ ಹೋಗ್ತೀನಿ. ನೀನು ಬರೀ, ಇಲ್ಲಾ ನಿದ್ದೆ ಮಾಡು, ನಾನು ಕೇಳಲ್ಲ. ನಿಮ್ಮಮ್ಮ ಚಟ್ನಿಪುಡಿ ಕಳಿಸ್ತಿದಾಳೆ, ಖಾಲಿ ಡಬ್ಬಿ ತೊಳ್ದಿಡು.

ಅಪ್ಪ